ತುರ್ತು ಸೇವೆಗೆ ಸ್ವಂತ ವಾಕಿಟಾಕಿ: ಕೆಲವು ವರ್ಷ ಬಳಸಿದ ಮೇಲೆ

ತುರ್ತು ಸೇವೆಯಲ್ಲಿ ಸ್ವಯಂಸೇವಕನಾಗಿ ಓಡಾಡಲು ಸ್ವಂತದ್ದೊಂದು ವಾಕಿಟಾಕಿ ಕೊಂಡು ಕೆಲವು ವರ್ಷವಾಯಿತು. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ತೃಪ್ತಿ ಇದೆ. ಆದರೆ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿದ್ದ ವ್ಯಾಟ್, ಕಿಲೋಮೀಟರ್, ಚಾನೆಲ್ ಲೆಕ್ಕಕ್ಕೂ ಆ ತೃಪ್ತಿಗೂ ಸಂಬಂಧವೇ ಇಲ್ಲ. ಈ ಸೆಟ್ ಚೆನ್ನಾಗಿ ಕೇಳಿಸುತ್ತದೆ, ಅದಕ್ಕೇ ಇಷ್ಟ. ಘಟನಾ ಸ್ಥಳದಲ್ಲಿ ನಾವು ಮಾತಾಡುವುದು ಕಡಿಮೆ, ಕೇಳುವುದೇ ಜಾಸ್ತಿ. ಕಂಟ್ರೋಲ್ ರೂಮ್ ಏನು ಹೇಳಿತು, ಒಳಗೆ ಹೋದವರು ಏನು ಕಂಡರು, ‘ಎಲ್ಲರೂ ಹೊರಗೆ ಬನ್ನಿ’ ಎಂದು ಯಾರಾದರೂ ಕೂಗಿದರಾ? ಇದು ಕಿವಿಗೆ ಬೀಳದಿದ್ದರೆ ಎಷ್ಟು ವ್ಯಾಟ್ ಇದ್ದರೇನು?

ನನ್ನದು ವಿಎಚ್‌ಎಫ್ ಸೆಟ್. ಅಂದರೆ 136ರಿಂದ 174 ಮೆಗಾಹರ್ಟ್ಸ್ ಫ್ರೀಕ್ವೆನ್ಸಿಗಳ ಬ್ಯಾಂಡಿನದು, 5 ವ್ಯಾಟ್, ಅನಲಾಗ್ ಜೊತೆಗೆ ಡಿಎಂಆರ್ ಎಂಬ ಡಿಜಿಟಲ್ ಪದ್ಧತಿ, ನೀರು-ದೂಳಿಗೆ ಐಪಿ67. ಕಂಪನಿಯ ಹೆಸರು ಬೇಕೆಂದೇ ಬರೆಯುತ್ತಿಲ್ಲ. ನಿಮ್ಮ ಸಂಸ್ಥೆಯ ವ್ಯವಸ್ಥೆಗೆ ಹೊಂದದಿದ್ದರೆ ನನ್ನ ಮಾಡೆಲ್ ಎಷ್ಟೇ ಒಳ್ಳೆಯದಾದರೂ ನಿಮಗೆ ಉಪಯೋಗಕ್ಕೆ ಬಾರದು.

ಹಾಗಾಗಿ ಸೆಟ್ ನೋಡುವುದಕ್ಕೂ ಮೊದಲು ಸಂಸ್ಥೆಯಲ್ಲಿ ವೈರ್‌ಲೆಸ್ ನೋಡಿಕೊಳ್ಳುವವರ ಹತ್ತಿರ ಹೋದೆ. ಆ ಫ್ರೀಕ್ವೆನ್ಸಿಗಳ ಲೈಸೆನ್ಸ್ ಸಂಸ್ಥೆಯ ಹೆಸರಲ್ಲಿರುತ್ತದೆ, ನಮ್ಮ ಹೆಸರಲ್ಲಲ್ಲ. ಸೆಟ್ ನಮ್ಮ ದುಡ್ಡಿನದು ಎಂದ ಮಾತ್ರಕ್ಕೆ ಅದರಲ್ಲಿ ಮಾತಾಡುವ ಹಕ್ಕು ಬರುವುದಿಲ್ಲ. ಕೆಲವು ದೇಶಗಳಲ್ಲಿ ಸುಮ್ನೆ ಕೇಳುವುದಕ್ಕೂ ಅನುಮತಿ ಬೇಕು. ಯಾವ ಚಾನೆಲ್‌ನಲ್ಲಿ ಮಾತಾಡಬಹುದು, ಯಾವುದು ಕೇಳುವುದಕ್ಕೆ ಮಾತ್ರ, ಪ್ರೋಗ್ರಾಮ್ ಮಾಡುವವರು ಯಾರು, ಇಷ್ಟನ್ನೂ ಬರವಣಿಗೆಯಲ್ಲಿ ತೆಗೆದುಕೊಂಡೆ. ಬಾಯಿಮಾತಿನ ‘ಆಯ್ತು ಬಿಡಿ’ ಮೇಲಿನವರು ಬದಲಾದ ದಿನ ನಿಲ್ಲುವುದಿಲ್ಲ.

ಟ್ರಂಕಿಂಗ್, ಅಂದರೆ ಖಾಲಿ ಚಾನೆಲ್ಲನ್ನು ಕಂಪ್ಯೂಟರೇ ಹಂಚಿಕೊಡುವ ವ್ಯವಸ್ಥೆ, ಇರುವ ಕಡೆ ಈ ಮಾತು ಇನ್ನೂ ಬಿಗಿ. ಅಲ್ಲಿ ಪ್ರತಿ ಸೆಟ್ಟಿಗೂ ಒಂದು ಐಡಿ ಇರುತ್ತದೆ. ಐಡಿ ನೋಂದಣಿ ಆಗದ ಸೆಟ್ ಅನ್ನು ವ್ಯವಸ್ಥೆ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಮಾತು ಗುಪ್ತವಾಗಿರಲಿ ಎಂದು ಎನ್‌ಕ್ರಿಪ್ಷನ್ ಬಳಸುವ ಸಂಸ್ಥೆಗಳು ಅದರ ಕೀಯನ್ನು (ಗುಪ್ತ ಸಂಕೇತವನ್ನು) ಸ್ವಂತ ಸೆಟ್ಟಿಗೆ ಹಾಕಿಕೊಡುವುದು ಅಪರೂಪ. ಅದು ಸರಿಯೇ ಅನ್ನಿ. ಒಂದು ಸೆಟ್ ಕಳೆದರೆ ಉಳಿದ ಎಲ್ಲ ಸೆಟ್ಟುಗಳ ಕೀಯನ್ನೂ ಬದಲಿಸಬೇಕಾಗಿ ಬರಬಹುದು. ನಿಮ್ಮಲ್ಲಿ ಮಾತುಕತೆ ಎಲ್ಲ ಎನ್‌ಕ್ರಿಪ್ಟ್ ಆಗಿದ್ದರೆ ಸ್ವಂತ ಸೆಟ್ಟಿನ ಯೋಚನೆ ಬಿಟ್ಟುಬಿಡಿ. ಸಂಸ್ಥೆಯ ಸೆಟ್ಟನ್ನೇ ಕೇಳಿ ಪಡೆಯಿರಿ.

‘ಡಿಜಿಟಲ್’ ಎಂಬ ಲೇಬಲ್ ನೋಡಿ ಕೊಳ್ಳುವವರನ್ನು ಕಂಡಿದ್ದೇನೆ. ಆ ಮಾತಿನಿಂದ ಏನೂ ತಿಳಿಯುವುದಿಲ್ಲ. ಡಿಜಿಟಲ್ ಪದ್ಧತಿಗಳೇ ಹಲವು. ಉತ್ತರ ಅಮೆರಿಕದ ಪೊಲೀಸ್, ಅಗ್ನಿಶಾಮಕದವರಲ್ಲಿ ಪಿ25 ಜಾಸ್ತಿ. ಯುರೋಪಿನಲ್ಲಿ, ಇನ್ನೂ ಹಲವು ದೇಶಗಳಲ್ಲಿ ಟೆಟ್ರಾ. ಕಡಿಮೆ ಖರ್ಚಿನಲ್ಲಿ ಆಗಬೇಕು ಎನ್ನುವ ಕಡೆ ಡಿಎಂಆರ್. ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗದು. ಬ್ಯಾಂಡ್ ಕೂಡ ಅಷ್ಟೇ: ವಿಎಚ್‌ಎಫ್ ಸೆಟ್ಟಿಗೆ ಅದಕ್ಕಿಂತ ಮೇಲಿನ ಯುಎಚ್‌ಎಫ್ ಬ್ಯಾಂಡ್ ಕೇಳಿಸುವುದೇ ಇಲ್ಲ. ಬೇರೆ ಬೇರೆ ಪಡೆಗಳು ಒಂದೇ ಕಡೆ ಸೇರಿದಾಗ ಕೊನೆಗೆ ಕೈಹಿಡಿಯುವುದು ಬಹಳ ಸಲ ಹಳೆಯ ಅನಲಾಗ್ ಎಫ್‌ಎಂ ಚಾನೆಲ್ಲೇ, ಅದೂ ಎಲ್ಲರೂ ಒಂದೇ ಬ್ಯಾಂಡಿನಲ್ಲಿದ್ದರೆ.

ಇನ್ನು ಕೇಳಿಸುವ ವಿಷಯ. ತೀರಾ ಅಗ್ಗದ ಸೆಟ್ಟುಗಳಲ್ಲಿ ರಿಸೀವರ್ ಪೂರ್ತಿ ಒಂದೇ ಚಿಪ್‌ನಲ್ಲಿ ಕೂತಿರುತ್ತದೆ. ಮನೆಯಲ್ಲಿ ಕೂತು ಕೇಳಿದರೆ ವ್ಯತ್ಯಾಸವೇ ಗೊತ್ತಾಗದು, ಒಳ್ಳೆಯ ಸೆಟ್ಟಿನಷ್ಟೇ ಸ್ಪಷ್ಟ. ನಿಜವಾದ ಪರೀಕ್ಷೆ ನಡೆಯುವುದು ದೊಡ್ಡ ಬೆಂಕಿ ಅಥವಾ ಸರಣಿ ಅಪಘಾತದ ಜಾಗದಲ್ಲಿ. ಅಲ್ಲಿ ಅಗ್ನಿಶಾಮಕ ವಾಹನ, ಆಂಬುಲೆನ್ಸ್, ಪೊಲೀಸ್ ಜೀಪು ಎಲ್ಲ ಒತ್ತಾಗಿ ನಿಂತಿರುತ್ತವೆ. ಒಂದೊಂದರಲ್ಲೂ 25ರಿಂದ 50 ವ್ಯಾಟಿನ ಸೆಟ್ ಇರುತ್ತದೆ. ಪಕ್ಕದ ವಾಹನದವರು ಬೇರೆ ಚಾನೆಲ್‌ನಲ್ಲಿ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದರೂ ಸಾಕು, ಅಗ್ಗದ ರಿಸೀವರ್ ಕಿವುಡಾಗುತ್ತದೆ. ಧ್ವನಿವರ್ಧಕದ ಪಕ್ಕ ನಿಂತು ಪಿಸುಮಾತು ಕೇಳಲು ಹೋದ ಹಾಗೆ. ಇದರಲ್ಲಿ ಮೋಸ ಏನೆಂದರೆ, ಸೆಟ್ ಕೆಟ್ಟಿದೆ ಎಂಬ ಸುಳಿವೇ ಸಿಗುವುದಿಲ್ಲ. ಸುಮ್ಮನಿರುತ್ತದೆ. ಯಾರೂ ಮಾತಾಡುತ್ತಿಲ್ಲ ಎಂದುಕೊಂಡು ನಾವೂ ಸುಮ್ಮನಿರುತ್ತೇವೆ.

ಇದನ್ನು ಕೊಳ್ಳುವ ಮುಂಚೆಯೇ ತಿಳಿಯಬಹುದು. ಸ್ಪೆಸಿಫಿಕೇಷನ್ ಹಾಳೆಯ ಕೆಳಭಾಗದಲ್ಲಿ ‘ಇಂಟರ್‌ಮಾಡ್ಯುಲೇಷನ್’, ‘ಅಡ್ಜೇಸೆಂಟ್ ಚಾನೆಲ್’ ಎಂಬ ಸಾಲುಗಳಿರುತ್ತವೆ. ಅಕ್ಕಪಕ್ಕದ ಬೇರೆ ಸಿಗ್ನಲ್‌ಗಳನ್ನು ರಿಸೀವರ್ ಎಷ್ಟು ತಡೆದುಕೊಳ್ಳುತ್ತದೆ ಎಂಬ ಲೆಕ್ಕ ಅದು. ಡೆಸಿಬೆಲ್ ಲೆಕ್ಕದಲ್ಲಿ ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು. ವೃತ್ತಿಪರ ಸೆಟ್ಟುಗಳಲ್ಲಿ ಇಂಟರ್‌ಮಾಡ್ಯುಲೇಷನ್ ಅಂಕಿ 70ರ ಆಸುಪಾಸಿನಲ್ಲಿರುತ್ತದೆ. ಆ ಸಾಲೇ ಇಲ್ಲದ ಹಾಳೆ ಕಂಡರೆ ನಾನು ಆ ಸೆಟ್ಟನ್ನು ಅಲ್ಲಿಗೇ ಬಿಡುತ್ತೇನೆ. ಸೆನ್ಸಿಟಿವಿಟಿ, ಅಂದರೆ ಎಷ್ಟು ಕ್ಷೀಣ ಸಿಗ್ನಲ್ ಹಿಡಿಯಬಲ್ಲದು ಎಂಬ ಅಂಕಿಯನ್ನು ಎಲ್ಲರೂ ಹಾಕುತ್ತಾರೆ, ಎಲ್ಲರದೂ ಹೆಚ್ಚುಕಡಿಮೆ ಒಂದೇ. ಅದನ್ನು ನೋಡಿ ಏನೂ ನಿರ್ಧರಿಸಲಾಗದು.

ವ್ಯಾಟ್ ವಿಷಯಕ್ಕೆ ಹೆಚ್ಚು ಸಮಯ ಕೊಡಬೇಡಿ. 4 ವ್ಯಾಟಿಗೂ 5 ವ್ಯಾಟಿಗೂ ಇರುವ ಅಂತರ 1 ಡೆಸಿಬೆಲ್, ಕಿವಿಗೆ ಗೊತ್ತೇ ಆಗುವುದಿಲ್ಲ. ಸೆಟ್ಟನ್ನು ಬೆಲ್ಟಿನಿಂದ ತೆಗೆದು ಮುಖದ ಎತ್ತರಕ್ಕೆ ಹಿಡಿದರೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಸಿಗುತ್ತದೆ, ಏಕೆಂದರೆ ಸೊಂಟದಲ್ಲಿದ್ದಾಗ ಮೈಯೇ ಸಿಗ್ನಲ್ ನುಂಗುತ್ತದೆ. ಡಬ್ಬದ ಮೇಲಿನ ಕಿಲೋಮೀಟರ್ ಲೆಕ್ಕ ಬಯಲಲ್ಲಿ, ಎತ್ತರದಿಂದ ಎತ್ತರಕ್ಕೆ. ಕಾಂಕ್ರೀಟ್ ಕಟ್ಟಡದ ನೆಲಮಾಳಿಗೆಗೆ ಇಳಿದರೆ ಆ ಲೆಕ್ಕ ಮರೆತುಬಿಡಿ.

ಆಂಟೆನಾ ಬಗ್ಗೆ ಒಂದು ಮಾತು. 150 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಉದ್ದ ಅರ್ಧ ಮೀಟರ್, ಆಂಟೆನಾ ಅಷ್ಟುದ್ದ ಇದ್ದರೆ ಚೆನ್ನ. ಸೆಟ್ ಜೊತೆ ಬರುವ ಕುಳ್ಳ ರಬ್ಬರ್ ಆಂಟೆನಾದಲ್ಲಿ ಸುರುಳಿ ಸುತ್ತಿ ಅದನ್ನು ಗಿಡ್ಡ ಮಾಡಿರುತ್ತಾರೆ. ಗಿಡ್ಡವಾದಷ್ಟೂ ನಷ್ಟ. ಬಯಲಿನ ಹುಡುಕಾಟಕ್ಕೆ ಹೋಗುವಾಗ ನಾನು ಉದ್ದದ್ದನ್ನು ಹಾಕುತ್ತೇನೆ. ಕಟ್ಟಡದೊಳಗೆ, ವಾಹನದೊಳಗೆ ಗಿಡ್ಡದ್ದೇ ವಾಸಿ. ಉದ್ದದ್ದು ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ.

ದಿನಬಳಕೆಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಮೇಲಿನ ತಿರುಗುಗುಂಡಿ. 16 ಸ್ಥಾನ. ಒಂದನೇ ಚಾನೆಲ್ ಹತ್ತಿರ ನಿಲ್ಲುತ್ತದೆ, ಅದರಾಚೆ ತಿರುಗದು. ಕತ್ತಲಲ್ಲಿ, ಗ್ಲೌಸ್ ಹಾಕಿಕೊಂಡೇ, ಎಡಕ್ಕೆ ಪೂರ್ತಿ ತಿರುಗಿಸಿ ಕ್ಲಿಕ್ ಎಣಿಸಿದರೆ ಬೇಕಾದ ಚಾನೆಲ್‌ಗೆ ಬರುತ್ತೇನೆ. ಪರದೆ ನೋಡುವ ಅಗತ್ಯವೇ ಇಲ್ಲ. ಗುಂಡಿಯನ್ನು ಸುತ್ತುತ್ತಲೇ ಇರಬಹುದಾದ ಸೆಟ್ಟುಗಳಲ್ಲಿ ಈ ಅನುಕೂಲ ಸಿಗದು. ಚಾನೆಲ್‌ಗಳ ಕ್ರಮ ನಮ್ಮ ವಾಹನದ ಸೆಟ್ಟಿನಲ್ಲಿ ಇರುವಂತೆಯೇ ಇದೆ. ‘ಮೂರಕ್ಕೆ ಬನ್ನಿ’ ಎಂದರೆ ಎಲ್ಲರಿಗೂ ಒಂದೇ ಮೂರು. ಪ್ರೋಗ್ರಾಮ್ ಮಾಡುವವರಿಗೆ ಇದನ್ನು ಮೊದಲೇ ಹೇಳಿ, ಆಮೇಲೆ ಕ್ರಮ ಬದಲಿಸಿದರೆ ಕೈ ಹಳೆಯ ಎಣಿಕೆಗೇ ಹೋಗುತ್ತದೆ.

ಕೀಪ್ಯಾಡ್‌ನಿಂದ ಫ್ರೀಕ್ವೆನ್ಸಿ ಒತ್ತಿ ಬದಲಿಸುವ ಸೌಲಭ್ಯ ಇದರಲ್ಲಿ ಇಲ್ಲ. ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರಿಗೆ ಇದು ಕೊರತೆ ಅನಿಸುತ್ತದೆ. ಈ ಕೆಲಸಕ್ಕೆ ಇದು ಗುಣ. ಜೇಬಿನಲ್ಲಿ ಒತ್ತಿಕೊಂಡು ಬೇರೆಲ್ಲೋ ಹೋಗಿ ಕೂರುವ ಸೆಟ್ ಯಾರಿಗೆ ಬೇಕು? ಅಲ್ಲದೆ ಹ್ಯಾಮ್ ಸೆಟ್ಟುಗಳಿಗೆ ತುರ್ತು ಸೇವೆಯ ಚಾನೆಲ್‌ನಲ್ಲಿ ಮಾತಾಡುವ ಮಾನ್ಯತೆ ಅನೇಕ ದೇಶಗಳಲ್ಲಿ ಇಲ್ಲ. ‘ಅನ್‌ಲಾಕ್ ಮಾಡಿಕೊಡ್ತೀನಿ’ ಎನ್ನುವವರಿಂದ ದೂರ ಇರಿ.

ಸ್ವಂತ ಸೆಟ್ಟಿನ ದೊಡ್ಡ ತಲೆನೋವು ಪ್ರೋಗ್ರಾಮಿಂಗ್. ಒಮ್ಮೆ ರಿಪೀಟರಿನ (ನಮ್ಮ ಮಾತನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಯಂತ್ರದ) ಟೋನ್ ಬದಲಾಯಿತು. 67ರಿಂದ 254 ಹರ್ಟ್ಸ್ ನಡುವಿನ, ಮಾತಿನ ಜೊತೆ ಹೋಗುವ ಆ ಸಣ್ಣ ಗುನುಗು ಸರಿಯಿಲ್ಲದಿದ್ದರೆ ನೀವು ಎಷ್ಟು ಕೂಗಿದರೂ ರಿಪೀಟರ್ ಬಾಗಿಲು ತೆರೆಯದು. ಸಂಸ್ಥೆಯ ಸೆಟ್ಟುಗಳೆಲ್ಲ ಸಾಲಾಗಿ ಅಪ್‌ಡೇಟ್ ಆದವು. ನನ್ನದು ಯಾವ ಪಟ್ಟಿಯಲ್ಲೂ ಇರಲಿಲ್ಲ, ಹಾಗೇ ಉಳಿಯಿತು. ಪಾಳಿ ಶುರುವಾಗುವಾಗ ‘ರೇಡಿಯೋ ಚೆಕ್’, ಅಂದರೆ ನನ್ನ ಮಾತು ಸರಿಯಾಗಿ ಕೇಳಿಸುತ್ತಿದೆಯಾ ಎಂದು ಕೇಳುವ ಅಭ್ಯಾಸ ಇದ್ದದ್ದರಿಂದ ಆವತ್ತೇ ತಿಳಿಯಿತು. ಈಗ ನನ್ನ ಸೆಟ್ಟಿನ ಸೀರಿಯಲ್ ನಂಬರ್ ಅವರ ಪಟ್ಟಿಯಲ್ಲಿದೆ. 12.5 ಕಿಲೋಹರ್ಟ್ಸ್ ಚಾನೆಲ್‌ಗೆ 25ರ ಅಗಲ ಇಟ್ಟರೂ ತೊಂದರೆಯೇ, ನಮ್ಮ ಮಾತು ಬೇರೆಯವರಿಗೆ ಒರಟಾಗಿ ಒಡೆದು ಕೇಳಿಸುತ್ತದೆ. ಇದನ್ನೂ ಆ ಚೆಕ್‌ನಲ್ಲೇ ಕೇಳಿ ತಿಳಿದುಕೊಳ್ಳಿ.

ಬ್ಯಾಟರಿ: ಹೊಸದರಲ್ಲಿ ಒಂದು ಪಾಳಿ ಆರಾಮವಾಗಿ ಬರುತ್ತಿತ್ತು, ಈಗ ಎಳೆದಾಡಿಕೊಂಡು ಬರುತ್ತದೆ. ಕಂಪನಿಗಳು ಕೊಡುವ ಗಂಟೆ ಲೆಕ್ಕ ಸಾಮಾನ್ಯವಾಗಿ ‘5-5-90’ ಮೇಲೆ ನಿಂತಿದೆ. ಅಂದರೆ 100ರಲ್ಲಿ 5 ಪಾಲು ಮಾತು, 5 ಪಾಲು ಕೇಳುವಿಕೆ, 90 ಪಾಲು ಸುಮ್ಮನಿರುವುದು. ದೊಡ್ಡ ಘಟನೆಯಲ್ಲಿ ಸೆಟ್ ಸುಮ್ಮನಿರುವುದೇ ಇಲ್ಲವಲ್ಲ, ಹಾಗಾಗಿ ಆ ಲೆಕ್ಕ ಅರ್ಧಕ್ಕೆ ಬಂದರೂ ಆಶ್ಚರ್ಯ ಬೇಡ. ಲಿಥಿಯಂ ಅಯಾನ್ ಬ್ಯಾಟರಿಗೆ ಬಿಸಿ ಆಗದು, ತಿಂಗಳುಗಟ್ಟಲೆ ಫುಲ್ ಚಾರ್ಜ್‌ನಲ್ಲಿ ಇಡುವುದೂ ಆಗದು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಫುಲ್ ಚಾರ್ಜ್ ಮಾಡಿ ಬಿಸಿಲಿಗೆ ಬಿಟ್ಟರೆ ಎರಡೂ ಒಟ್ಟಿಗೆ. ಎರಡನೇ ಬ್ಯಾಟರಿ ಮೊದಲ ದಿನವೇ ಕೊಳ್ಳಿ, ಮೂಲ ಕಂಪನಿಯದ್ದೇ ಕೊಳ್ಳಿ. ನಾನು ತರಿಸಿದ ಒಂದು ಅಗ್ಗದ ಬದಲಿ ಬ್ಯಾಟರಿ ಊದಿಕೊಂಡು ಸೆಟ್ಟಿನಿಂದ ಬಿಡಿಸಲು ಸಾಹಸವಾಯಿತು. ಅನಿಲ ಸೋರುವ ಜಾಗಕ್ಕೆ ಹೋಗುವವರಾದರೆ ಸೆಟ್ ಮತ್ತು ಬ್ಯಾಟರಿ ಎರಡಕ್ಕೂ ಕಿಡಿ-ಸುರಕ್ಷೆಯ ಪ್ರಮಾಣ ಪತ್ರ ಇರಬೇಕು. ನನ್ನ ಸೆಟ್ಟಿಗೆ ಅದಿಲ್ಲ. ಅಂಥ ಕರೆಗೆ ಅದನ್ನು ವಾಹನದಲ್ಲೇ ಬಿಟ್ಟು ಸಂಸ್ಥೆಯದ್ದು ಹಿಡಿಯುತ್ತೇನೆ.

ಭುಜಕ್ಕೆ ಸಿಕ್ಕಿಸುವ ಸ್ಪೀಕರ್ ಮೈಕ್ ಇಲ್ಲದೆ ಈ ಸೆಟ್ ಅರ್ಧ ಸೆಟ್. ಕಿವಿಯ ಹತ್ತಿರ ಶಬ್ದ ಬರುತ್ತದೆ, ಮಾತಾಡಲು ಸೊಂಟ ತಡಕಬೇಕಿಲ್ಲ. ಆದರೆ ಬೇಗ ಹಾಳಾಗುವುದೂ ಅದೇ. ಸುರುಳಿ ವೈರು ಬುಡದಲ್ಲಿ ಬಿಡುತ್ತದೆ, ಕ್ಲಿಪ್ಪು ಮುರಿಯುತ್ತದೆ. ರೋಗಿಯ ಪಕ್ಕ ಇದ್ದಾಗ ಇಯರ್‌ಪೀಸ್ ಹಾಕಿಕೊಳ್ಳಿ, ಇನ್ನೊಬ್ಬರ ಸಾವುನೋವಿನ ಸುದ್ದಿ ಮನೆಯವರ ಎದುರು ಬಿತ್ತರವಾಗಬಾರದು. ಮಾನಿಟರ್, ವೆಂಟಿಲೇಟರ್ ಪಕ್ಕ ನಿಂತು ಪಿಟಿಟಿ ಒತ್ತುವುದೂ ಬೇಡ, ಇಸಿಜಿ ಗೆರೆ ಕುಣಿದು ವೈದ್ಯರ ದಿಕ್ಕು ತಪ್ಪಿಸಬಹುದು. ನಾಲ್ಕು ಹೆಜ್ಜೆ ಆಚೆ ಹೋಗಿ ಮಾತಾಡಿ.

ಡಿಜಿಟಲ್ ಬಗ್ಗೆ ನನ್ನ ಅಭಿಪ್ರಾಯ ಅರೆಮನಸ್ಸಿನದು. ಕರ್ರೋ ಎನ್ನುವ ಸದ್ದಿಲ್ಲ, ಯಾರು ಮಾತಾಡುತ್ತಿದ್ದಾರೆ ಎಂದು ಪರದೆಯ ಮೇಲೆ ಬರುತ್ತದೆ, ಡಿಎಂಆರ್‌ನಲ್ಲಿ 12.5 ಕಿಲೋಹರ್ಟ್ಸ್ ಜಾಗದಲ್ಲಿ ಎರಡು ಮಾತುಕತೆ ನಡೆಯುತ್ತವೆ. ಎಲ್ಲ ಚೆಂದವೇ. ಆದರೆ ಅನಲಾಗ್‌ನಲ್ಲಿ ಸಿಗ್ನಲ್ ಕುಗ್ಗಿದರೆ ಗರಗರ ಜಾಸ್ತಿಯಾಗುತ್ತದೆ. ಜಾಗ ಬದಲಿಸಬೇಕು ಎಂದು ನಮಗೇ ತಿಳಿಯುತ್ತದೆ. ಡಿಜಿಟಲ್ ಕೊನೆಯವರೆಗೂ ಚೆನ್ನಾಗಿದ್ದು ಒಮ್ಮೆಲೇ ನಿಂತುಹೋಗುತ್ತದೆ. ಇನ್ನೊಂದು, ಅದರ ಧ್ವನಿ ಸಂಕೋಚನ ಮನುಷ್ಯರ ಮಾತಿಗೆಂದು ಮಾಡಿದ್ದು. ಪಕ್ಕದಲ್ಲಿ ಕತ್ತರಿಸುವ ಗರಗಸ ಅಥವಾ ಅಲಾರಂ ಜೋರಾಗಿದ್ದರೆ ಎರಡನ್ನೂ ಕಲಸಿ ಅರ್ಥವಾಗದ ಗುಳುಗುಳು ಮಾಡುತ್ತದೆ. ಬೆಂಕಿಯ ಬಾಗಿಲಲ್ಲಿ ಹಲವು ದಳಗಳು ಇಂದಿಗೂ ರಿಪೀಟರ್ ಇಲ್ಲದ ಅನಲಾಗ್ ಚಾನೆಲ್ ಬಯಸುವುದು ಹಳೆಯದರ ಮೇಲಿನ ಮೋಹದಿಂದಲ್ಲ.

ಕಿತ್ತಳೆ ಬಣ್ಣದ ತುರ್ತು ಬಟನ್ ಇದೆ. ಒತ್ತಿದರೆ ಕಂಟ್ರೋಲ್ ರೂಮಿನಲ್ಲಿ ಐಡಿ ಕಾಣಬೇಕು. ನಿಮ್ಮ ಐಡಿಯ ಎದುರು ಅವರು ಹೆಸರು ಬರೆದುಕೊಂಡಿದ್ದಾರಾ ನೋಡಿ, ಇಲ್ಲದಿದ್ದರೆ ಯಾವುದೋ ನಂಬರ್ ಮಿನುಗುತ್ತದೆ ಅಷ್ಟೇ. ಸೆಟ್ ಓರೆಯಾಗಿ ಬಿದ್ದರೆ ತಾನೇ ಅಲಾರಂ ಕೊಡುವ ‘ಮ್ಯಾನ್ ಡೌನ್’ ಸೌಲಭ್ಯ ಕೇಳಲು ಚೆನ್ನ. ನಜ್ಜುಗುಜ್ಜಾದ ಕಾರಿನೊಳಗೆ ಇಣುಕಲು ನೆಲಕ್ಕೆ ಮಲಗಿದಾಗೆಲ್ಲ ಅದು ಕೂಗಿಕೊಂಡಿತು. ಆಫ್ ಮಾಡಿಸಿದ್ದೇನೆ. ಹಲವು ಚಾನೆಲ್ಲುಗಳನ್ನು ಸರದಿಯಲ್ಲಿ ಕೇಳಿಸುವ ಸ್ಕ್ಯಾನ್ ಕೂಡ ಸ್ಥಳ ತಲುಪಿದ ಮೇಲೆ ಆಫ್, ಬೇರೆ ಚಾನೆಲ್ಲಿನ ಹರಟೆ ಕೇಳುತ್ತ ನಮ್ಮವರ ಮೊದಲ ಮಾತು ತಪ್ಪಿಹೋಗುತ್ತದೆ.

ಐಪಿ67 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ. ಮಳೆಯಲ್ಲಿ, ಕೆಸರಿನಲ್ಲಿ ಏನೂ ಆಗಿಲ್ಲ. ಸ್ಪೀಕರ್ ಜಾಲರಿಯಲ್ಲಿ ನೀರು ಕೂತರೆ ಮಾತು ಮಂಕಾಗುತ್ತದೆ, ಕೊಡವಿದರೆ ಸರಿಹೋಗುತ್ತದೆ. ಆ ಪರೀಕ್ಷೆ ಹೊಸ ಸೆಟ್ಟಿನದು ಎಂಬುದು ನೆನಪಿರಲಿ, ರಬ್ಬರ್ ಸೀಲ್ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಸ್ಪೀಕರ್ ಮೈಕ್ ಸಿಕ್ಕಿಸುವ ಕಡೆಯ ಮುಚ್ಚಳ ಕಳೆದುಕೊಂಡರೆ ಐಪಿ ಲೆಕ್ಕವೂ ಹೋಯಿತು.

ಇನ್ನೊಂದೆರಡು ವರ್ಷಕ್ಕೆ ಇದನ್ನು ಬದಲಿಸುವ ಯೋಚನೆ ಇದೆ. ಮಾರುವುದಾದರೆ ಮೊದಲು ವೈರ್‌ಲೆಸ್ ವಿಭಾಗಕ್ಕೆ ಕೊಟ್ಟು ಚಾನೆಲ್, ಟೋನ್, ಐಡಿ ಎಲ್ಲ ಅಳಿಸಿಸಿ, ಅವರ ಪಟ್ಟಿಯಿಂದ ಸೀರಿಯಲ್ ನಂಬರ್ ತೆಗೆಸಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರೂ ಇದನ್ನೇ ಕೇಳಿ. ಹಿಂದಿನವರ ಚಾನೆಲ್ ಹಾಗೇ ಇರುವ ಸೆಟ್ ಅಗ್ಗಕ್ಕೆ ಸಿಕ್ಕಿತು ಎಂದರೆ ಕದ್ದ ಮಾಲೂ ಇರಬಹುದು. ಡಿಎಂಆರ್ ಸೆಟ್ಟನ್ನು ಸಂಸ್ಥೆಯವರು ದೂರದಿಂದಲೇ ಬಂದ್ ಮಾಡಬಲ್ಲರು. ಹಾಗೆ ಬಂದ್ ಮಾಡಿದ ಸೆಟ್ಟನ್ನು ನಿಮಗೆ ಯಾರೂ ತೆರೆದುಕೊಡುವುದಿಲ್ಲ.