ಮಂಡಿನೋವಿಗೆ ಟೆನ್ಸ್ ಯಂತ್ರ: ಮೂರು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಅಂಗೈಯಲ್ಲಿ ಹಿಡಿಸುವ ಒಂದು ಪೆಟ್ಟಿಗೆ, ಅದರಿಂದ ಹೊರಡುವ ಎರಡು ಜೊತೆ ವೈರು, ವೈರುಗಳ ತುದಿಯಲ್ಲಿ ಚರ್ಮಕ್ಕೆ ಅಂಟಿಸುವ ನಾಲ್ಕು ಪ್ಯಾಡು. ನೋವು ತಗ್ಗಿಸಲೆಂದು ಚರ್ಮದ ಮೂಲಕ ಸಣ್ಣ ವಿದ್ಯುತ್ ಮಿಡಿತ ಕೊಡುವ ಟೆನ್ಸ್ ಯಂತ್ರವೆಂದರೆ ನೋಡಲು ಇಷ್ಟೇ. ನಾನು ಇದನ್ನು ಕೊಂಡು ಮೂರು ವರ್ಷ ಎರಡು ತಿಂಗಳಾಯಿತು. ಕೊಂಡ ಮೊದಲ ವಾರ ಈ ಅಭಿಪ್ರಾಯ ಬರೆದಿದ್ದರೆ ಐದಕ್ಕೆ ಎರಡು ಅಂಕ ಕೊಡುತ್ತಿದ್ದೆ, ನಾಲ್ಕನೇ ತಿಂಗಳಲ್ಲಿ ಬರೆದಿದ್ದರೆ ಐದಕ್ಕೆ ಐದು, ಏಳನೇ ತಿಂಗಳಲ್ಲಾದರೆ ಸೊನ್ನೆ. ಈಗ ಮೂರೂವರೆ ಕೊಡುತ್ತಿದ್ದೇನೆ. ಈ ಏರಿಳಿತಕ್ಕೆ ಯಂತ್ರ ಕಾರಣವಾದದ್ದು ಕಡಿಮೆ, ಅದನ್ನು ನಾನು ಬಳಸಿದ ರೀತಿಯೇ ಹೆಚ್ಚು ಕಾರಣ. ಆದ್ದರಿಂದ ಇಲ್ಲಿ ಯಂತ್ರದಷ್ಟೇ ನನ್ನ ತಪ್ಪುಗಳ ಬಗ್ಗೆಯೂ ಬರೆಯಬೇಕಾಗುತ್ತದೆ.

ನನಗೆ ಐವತ್ತು ದಾಟಿದೆ. ಪ್ರತಿದಿನ ಐದು ಕಿಲೋಮೀಟರ್ ಬಿರುಸಿನ ನಡಿಗೆ, ವಾರಕ್ಕೊಮ್ಮೆ ಗುಡ್ಡ ಹತ್ತುವುದು ಬಹಳ ವರ್ಷಗಳ ರೂಢಿ. ಒಂದು ದಿನ ಇಳಿಜಾರಿನಲ್ಲಿ ಕಾಲು ಜಾರಿ ಬಲಮಂಡಿ ತಿರುಚಿಕೊಂಡಿತು. ಬಾವು ಹತ್ತು ದಿನದಲ್ಲಿ ಇಳಿಯಿತು, ನೋವು ಮಾತ್ರ ಮಂಡಿಚಿಪ್ಪಿನ ಹಿಂದೆ ಉಳಿದುಬಿಟ್ಟಿತು. ಸಮತಟ್ಟಾದ ನೆಲದಲ್ಲಿ ಅದರ ಸುಳಿವೇ ಇರುತ್ತಿರಲಿಲ್ಲ. ಮೆಟ್ಟಿಲಿಳಿಯುವಾಗ, ಅದರಲ್ಲೂ ಎಡಗಾಲನ್ನು ಕೆಳಗಿಡಲು ಬಲಮಂಡಿಯನ್ನು ಮಡಿಸಿ ಇಡೀ ಮೈಭಾರವನ್ನು ಅದರ ಮೇಲೆ ಹಿಡಿದುಕೊಳ್ಳುವ ಆ ಅರೆಕ್ಷಣದಲ್ಲಿ, ಒಳಗೆ ಯಾರೋ ಮೊಂಡು ಚಾಕುವನ್ನು ಒತ್ತಿದಂತಾಗುತ್ತಿತ್ತು. ಹಾಗೆ ಇಳಿಯುವಾಗ ಚಿಪ್ಪಿನ ಹಿಂದಿನ ಕೀಲಿನ ಮೇಲೆ ಮೈತೂಕದ ಹಲವು ಪಟ್ಟು ಒತ್ತಡ ಬೀಳುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಪರೀಕ್ಷಿಸಿದ ವೈದ್ಯರು ಮೂಳೆ ಮುರಿದಿಲ್ಲ, ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ, ತೊಡೆಯ ಸ್ನಾಯುಗಳನ್ನು ಬಲಪಡಿಸಿಕೊಳ್ಳಬೇಕು ಎಂದರು. ಆದರೆ ಬಲಪಡಿಸುವ ವ್ಯಾಯಾಮ ಮಾಡಲು ಕೂತರೆ ನೋವು ಬಿಡುತ್ತಿರಲಿಲ್ಲ, ನೋವೆಂದು ವ್ಯಾಯಾಮ ಬಿಟ್ಟರೆ ತೊಡೆ ಸೊರಗುತ್ತಿತ್ತು. ಈ ಇಕ್ಕಟ್ಟಿನಲ್ಲಿದ್ದಾಗಲೇ ಫಿಸಿಯೋಥೆರಪಿಸ್ಟ್ ಒಬ್ಬರು ಟೆನ್ಸ್ ಯಂತ್ರ ಬಳಸಿ ನೋಡಬಹುದು ಎಂದು ಸೂಚಿಸಿದರು.

ಟೆನ್ಸ್ ಎಂದರೆ ಟ್ರಾನ್ಸ್‌ಕ್ಯುಟೇನಿಯಸ್ ಎಲೆಕ್ಟ್ರಿಕಲ್ ನರ್ವ್ ಸ್ಟಿಮ್ಯುಲೇಷನ್, ಅಂದರೆ ಚರ್ಮದ ಮೂಲಕ ನರಗಳಿಗೆ ಸಣ್ಣ ವಿದ್ಯುತ್ ಮಿಡಿತಗಳನ್ನು ಕೊಡುವುದು. ಎಲ್ಲಾದರೂ ಪೆಟ್ಟು ಬಿದ್ದರೆ ನಾವು ಯೋಚಿಸದೆ ಆ ಜಾಗವನ್ನು ಉಜ್ಜಿಕೊಳ್ಳುತ್ತೇವೆ, ನೋವು ತುಸು ತಗ್ಗುತ್ತದೆ. ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ, ತೆಳು ತಂತುಗಳಲ್ಲಿ ಬರುವ ನೋವಿನ ಸಂದೇಶಕ್ಕೆ ಬೆನ್ನುಹುರಿಯಲ್ಲೇ ಬಾಗಿಲು ಅರ್ಧ ಮುಚ್ಚಿದಂತಾಗುತ್ತದೆ ಎಂದು ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಪ್ರತಿಪಾದಿಸಿದರು. ಆ ಸಿದ್ಧಾಂತದ ವಿವರಗಳು ಅನಂತರ ಸಾಕಷ್ಟು ತಿದ್ದುಪಡಿ ಕಂಡಿದ್ದರೂ ಟೆನ್ಸ್ ಯಂತ್ರ ಹುಟ್ಟಿದ್ದು ಅದರ ಬೆನ್ನಿಗೇ. ವಿದ್ಯುತ್ತಿನಿಂದ ನೋವು ಮರೆಸುವ ಉಪಾಯವೇನೂ ಹೊಸದಲ್ಲ. ಒಂದನೇ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಕಾಲಿನ ಸಂಧಿವಾತಕ್ಕೆ ಜೀವಂತ ವಿದ್ಯುತ್ ಮೀನಿನ ಮೇಲೆ ಪಾದವಿಟ್ಟು ನಿಲ್ಲಬೇಕೆಂದು ಬರೆದಿಟ್ಟಿದ್ದಾನೆ. ಪ್ಯಾಡಿನ ಅಂಟು ಹೋಯಿತೆಂದು ಗೊಣಗುವಾಗಲೆಲ್ಲ ನನಗೆ ಆ ಮೀನು ನೆನಪಾಗುತ್ತದೆ.

ಮೊದಲ ಕೆಲವು ವಾರ ನನಗೆ ಇದರಿಂದ ಏನೂ ಪ್ರಯೋಜನವಾಗಲಿಲ್ಲ. ವಿದ್ಯುತ್ತೆಂದರೆ ಭಯವಿದ್ದುದರಿಂದ, ಜುಮುಜುಮು ಎಂದು ಶುರುವಾದ ಕೂಡಲೇ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಪ್ಯಾಡುಗಳನ್ನೂ ನೇರ ಮಂಡಿಚಿಪ್ಪಿನ ಮೇಲೆ ಅಂಟಿಸುತ್ತಿದ್ದೆ. ಮಂಡಿ ಮಡಿಸಿದೊಡನೆ ಅವು ಏಳುತ್ತಿದ್ದವು. ಫಿಸಿಯೋಥೆರಪಿಸ್ಟ್ ಎರಡನ್ನೂ ತಿದ್ದಿದರು. ಚಿಪ್ಪಿನ ಮೇಲ್ಭಾಗದ ಎರಡು ಬದಿಗೆ ಎರಡು, ಕೆಳಭಾಗದ ಎರಡು ಬದಿಗೆ ಎರಡು ಪ್ಯಾಡು ಹಾಕಿ, ಒಂದೊಂದು ಜೊತೆಯ ದಾರಿ ಚಿಪ್ಪಿನ ಬಳಿ ಒಂದನ್ನೊಂದು ಅಡ್ಡಹಾಯುವಂತೆ ವೈರು ಜೋಡಿಸಿಕೊಟ್ಟರು. ಮಿಡಿತದ ತೀವ್ರತೆ ಗಟ್ಟಿಯಾಗಿ ಗೊತ್ತಾಗಬೇಕು, ಆದರೆ ನೋಯಬಾರದು, ಅದು ಅಭ್ಯಾಸವಾದಂತೆ ಇನ್ನೊಂದು ಹಂತ ಏರಿಸಬೇಕು ಎಂದರು. ಈ ಒಂದು ಮಾತು ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿತ್ತು; ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಇರಬೇಕಾದದ್ದು. ಸೆಕೆಂಡಿಗೆ 80ರಿಂದ 120 ಮಿಡಿತಗಳ ಮೋಡ್ ನನಗೆ ಒಗ್ಗಿತು. ಹಾಕಿಕೊಂಡ ಐದು ಹತ್ತು ನಿಮಿಷಕ್ಕೆ ಮಂಡಿ ಹಗುರಾಗುತ್ತಿತ್ತು, ತೆಗೆದ ಮೇಲೆ ಒಂದು ಗಂಟೆಯಷ್ಟು ಹೊತ್ತು ಅದರ ಗುಣ ಉಳಿಯುತ್ತಿತ್ತು. ಸೆಕೆಂಡಿಗೆ ಎರಡು ನಾಲ್ಕು ಬಾರಿ ಮಾತ್ರ ಬಡಿಯುವ ಇನ್ನೊಂದು ಮೋಡ್ ಸ್ನಾಯುವನ್ನೇ ಕುಣಿಸುತ್ತದೆ, ಅದನ್ನು ನಾನು ಹೆಚ್ಚು ಬಳಸಲಿಲ್ಲ. ಯಂತ್ರದಲ್ಲಿ ಒಟ್ಟು ಇಪ್ಪತ್ತನಾಲ್ಕು ಮೋಡ್‌ಗಳಿವೆ. ಮೂರು ವರ್ಷದಲ್ಲಿ ನನಗೆ ಬೇಕಾದದ್ದು ಎರಡು.

ಇನ್ನು ಸೊನ್ನೆ ಅಂಕದ ಕಥೆ. ನೋವು ಹೀಗೆ ಹಿಡಿತಕ್ಕೆ ಬಂದಿತಲ್ಲ ಎಂಬ ಉತ್ಸಾಹದಲ್ಲಿ, ಆರನೇ ತಿಂಗಳ ಕೊನೆಗೆ, ಪ್ಯಾಡುಗಳನ್ನು ಅಂಟಿಸಿಕೊಂಡು ಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಗುಡ್ಡ ಹತ್ತಿದೆ. ಹತ್ತುವಾಗ ಏನೂ ಅನ್ನಿಸಲಿಲ್ಲ. ಇಳಿಯುವಾಗಲೂ ಅನ್ನಿಸಲಿಲ್ಲ, ಅದೇ ಅಪಾಯವಾಗಿತ್ತು. ಎಂದಿನಂತೆ ಮಂಡಿ ಎಚ್ಚರಿಸಿದ್ದರೆ ಹೆಜ್ಜೆ ಚಿಕ್ಕದು ಮಾಡುತ್ತಿದ್ದೆ, ಕೋಲು ಹಿಡಿಯುತ್ತಿದ್ದೆ, ಅರ್ಧ ದಾರಿಯಲ್ಲಿ ಕೂರುತ್ತಿದ್ದೆ. ಆ ದಿನ ಎರಡೂವರೆ ಗಂಟೆ ಧಾಪುಗಾಲು ಹಾಕಿ ಇಳಿದೆ. ಸಂಜೆ ಪ್ಯಾಡು ಕಿತ್ತು ನೋಡಿದರೆ ಮಂಡಿಯ ಎರಡು ಬದಿಯ ಗುಳಿಗಳು ಮುಚ್ಚಿ, ಕಾಲು ಒಂದೇ ದಪ್ಪದ ಕಂಬದಂತೆ ಕಾಣುತ್ತಿತ್ತು. ಮರುದಿನ ಮಂಡಿ ಪೂರ್ತಿ ಮಡಿಸಲಾಗಲಿಲ್ಲ. ಮತ್ತೆ ಸರಾಗವಾಗಿ ಮೆಟ್ಟಿಲಿಳಿಯಲು ಐದು ವಾರ ಬೇಕಾಯಿತು. ಆ ಐದು ವಾರ ಯಂತ್ರವನ್ನು ಡ್ರಾಯರಿನಿಂದ ಹೊರಗೆ ತೆಗೆಯಲಿಲ್ಲ, ಅದರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಸಿಟ್ಟು ಇಳಿದ ಮೇಲೆ ಬಳಕೆಯ ಕ್ರಮವನ್ನೇ ಬದಲಿಸಿದೆ, ಈಗಲೂ ಅದನ್ನೇ ಪಾಲಿಸುತ್ತಿದ್ದೇನೆ. ಗುಡ್ಡಕ್ಕೆ, ದೂರದ ನಡಿಗೆಗೆ ಯಂತ್ರ ಕಟ್ಟುವುದಿಲ್ಲ. ಅಲ್ಲಿ ನೋವು ಹೇಳುವುದನ್ನು ನನಗೆ ಕೇಳಿಸಿಕೊಳ್ಳಬೇಕು. ಎಷ್ಟು ಸಲ, ಎಷ್ಟು ಎತ್ತರದಿಂದ ಎಂದು ಮೊದಲೇ ಎಣಿಸಿಟ್ಟ ವ್ಯಾಯಾಮಕ್ಕೆ ಮಾತ್ರ ಅದನ್ನು ಬಳಸುತ್ತೇನೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಒಂದು ಗೇಣಿಗಿಂತ ಕಡಿಮೆ ಎತ್ತರದ ಮೆಟ್ಟಿಲಿನಿಂದ ನಿಧಾನವಾಗಿ ಒಂದು ಕಾಲು ಇಳಿಸುವುದು, ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂತು ನಿಲ್ಲುವುದು, ಇವೆಲ್ಲ ವಾರಕ್ಕೆ ಮೂರು ದಿನ. ನೋವಿಲ್ಲದೆ ಮಾಡಬೇಕೆಂಬ ಹಟ ಬಿಟ್ಟಿದ್ದೇನೆ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನಾಲ್ಕರವರೆಗೆ ನೋವಿರಬಹುದು, ಆದರೆ ಮರುದಿನ ಬೆಳಿಗ್ಗೆ ಅದು ಹಿಂದಿನ ದಿನದ ಮಟ್ಟಕ್ಕೆ ಮರಳಿರಬೇಕು, ಮರಳದಿದ್ದರೆ ಮುಂದಿನ ಸಲ ಎಣಿಕೆ ಇಳಿಸಬೇಕು ಎಂಬುದು ಫಿಸಿಯೋಥೆರಪಿಸ್ಟ್ ಕೊಟ್ಟ ನಿಯಮ. ಯಂತ್ರ ಹಾಕಿಕೊಂಡು ಅಳೆದ ನೋವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಬೆಳಗಿನ ನೋವೇ ಲೆಕ್ಕ. ಹೀಗೆ ನಡೆದ ಎರಡನೇ ವರ್ಷದಲ್ಲಿ ತೊಡೆಗೆ ಮೊದಲಿನ ದಪ್ಪ ಬಂತು, ಮೆಟ್ಟಿಲಿನ ಮೊಂಡು ಚಾಕು ತಿಂಗಳಿಗೊಮ್ಮೆ ಬರುವ ಅತಿಥಿಯಾಯಿತು. ಇದರ ಶ್ರೇಯಸ್ಸು ವ್ಯಾಯಾಮಕ್ಕೆ ಸೇರಬೇಕು. ಆ ವ್ಯಾಯಾಮವನ್ನು ಬಿಡದೆ ಮಾಡಲು ಆಸ್ಪದ ಕೊಟ್ಟ ಶ್ರೇಯಸ್ಸು ಯಂತ್ರಕ್ಕೆ.

ಪೆಟ್ಟಿಗೆಯ ಮೇಲೆ ಮಾತ್ರ ಬೇರೆಯೇ ಮಾತು ಅಚ್ಚಾಗಿದೆ: ನೋವನ್ನು ಬುಡದಿಂದಲೇ ಗುಣಪಡಿಸುತ್ತದಂತೆ. ಇದು ಸುಳ್ಳು. 2022ರಲ್ಲಿ ಬಿಎಂಜೆ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, 381 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಯಂತ್ರ ಹಾಕಿಕೊಂಡಾಗ ಅಥವಾ ಅದರ ಬೆನ್ನಿಗೇ ನೋವು ತಗ್ಗುತ್ತದೆ ಎನ್ನುತ್ತದೆ. ಅದೇ ವರ್ಷ, ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆ ಕೀಲುಸವೆತದ ಚಿಕಿತ್ಸೆಯ ಮಾರ್ಗಸೂಚಿಯಲ್ಲಿ, ಪ್ರಯೋಜನಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ಟೆನ್ಸ್ ಕೊಡಬೇಡಿ ಎಂದಿತು. ಸೊಂಟನೋವಿಗೂ ಕೊಡಬೇಡಿ ಎಂದು 2016ರಲ್ಲೇ ಹೇಳಿತ್ತು. ಇವೆರಡರ ನಡುವೆ ನಾನು ಕಂಡದ್ದು ಮೊದಲನೆಯದರ ಹತ್ತಿರವಿದೆ, ಆದರೆ ಬಳಸಿದ ಒಬ್ಬನ ಮಂಡಿ ಪುರಾವೆಯಾಗುವುದಿಲ್ಲ ಎಂಬ ಅರಿವೂ ನನಗಿದೆ.

ವಸ್ತುವಿನ ಗುಣಮಟ್ಟಕ್ಕೆ ಬಂದರೆ, ಪೆಟ್ಟಿಗೆ ಗಟ್ಟಿ, ಎರಡು ಬಾರಿ ಕೆಳಗೆ ಬಿದ್ದರೂ ಏನೂ ಆಗಿಲ್ಲ. ಬ್ಯಾಟರಿ ಮೊದಲು ಎರಡು ವಾರ ಬರುತ್ತಿದ್ದುದು ಈಗ ಐದಾರು ದಿನಕ್ಕೆ ಇಳಿದಿದೆ. ದುರ್ಬಲವಾದದ್ದು ವೈರು. ಹದಿನಾಲ್ಕನೇ ತಿಂಗಳಲ್ಲಿ ಪಿನ್ನಿನ ಕುತ್ತಿಗೆಯ ಬಳಿ ಒಳಗೇ ತುಂಡಾಗಿ, ಮಿಡಿತ ಬಂದು ಬಂದು ನಿಲ್ಲತೊಡಗಿತು. ತಯಾರಕರಿಗೆ ಬರೆದರೆ ವೈರಿಗೆ ಖಾತರಿ ಅನ್ವಯಿಸುವುದಿಲ್ಲವೆಂಬ ಎರಡು ಸಾಲಿನ ಉತ್ತರ ಬಂತು, ಬಿಡಿವೈರು ಎಲ್ಲಿ ಸಿಗುತ್ತದೆಂದು ಕೇಳಿದ ಎರಡನೇ ಪತ್ರಕ್ಕೆ ಅದೂ ಬರಲಿಲ್ಲ. ಪಿನ್ನಿನ ಅಳತೆ ಸಾಮಾನ್ಯವಾದದ್ದಾದ್ದರಿಂದ ಬೇರೆ ಕಂಪನಿಯ ವೈರು ಹೊಂದಿತು, ಅಷ್ಟೇ ನನ್ನ ಅದೃಷ್ಟ. ಕೊಳ್ಳುವವರು ಇದೊಂದನ್ನು ಮೊದಲೇ ನೋಡಿಕೊಳ್ಳಬೇಕು: ತನ್ನದೇ ವಿಚಿತ್ರ ಪಿನ್ನು, ತನ್ನದೇ ಪ್ಯಾಡು ಬೇಡುವ ಯಂತ್ರವನ್ನು ಮುಟ್ಟಬೇಡಿ.

ಪ್ಯಾಡುಗಳೇ ನಿಜವಾದ ಖರ್ಚು. ಒಂದು ಜೊತೆ ನನಗೆ ಇಪ್ಪತ್ತೈದು ಮೂವತ್ತು ಬಾರಿ ಬರುತ್ತದೆ. ಎಣ್ಣೆ, ಕ್ರೀಮು ಹಚ್ಚಿದ ಚರ್ಮಕ್ಕೆ ಅಂಟಿಸಿದರೆ ಅದರ ಅರ್ಧವೂ ಬಾರದು. ಕಾಲು ತೊಳೆದು, ಪೂರ್ತಿ ಒರೆಸಿ, ಒಣಗಿದ ಮೇಲೆ ಹಾಕಬೇಕು. ತೆಗೆದ ಕೂಡಲೇ ಪ್ಲಾಸ್ಟಿಕ್ ಹಾಳೆಗೆ ಮರಳಿ ಅಂಟಿಸಬೇಕು. ಒಣಗಿದ ಪ್ಯಾಡಿಗೆ ಒಂದೇ ಹನಿ ನೀರು ಸವರಿದರೆ ಇನ್ನೆರಡು ಬಾರಿ ಬರುತ್ತದೆ. ಅದಕ್ಕಿಂತ ಹೆಚ್ಚು ಜಿಪುಣತನ ಬೇಡ. ಅಂಚು ಎದ್ದ ಪ್ಯಾಡಿನಲ್ಲಿ ಅಷ್ಟೂ ವಿದ್ಯುತ್ತು ಅಂಟಿಕೊಂಡ ಸಣ್ಣ ಜಾಗದಿಂದಲೇ ಹರಿಯಬೇಕಾಗುವುದರಿಂದ, ಜುಮುಜುಮು ಹೋಗಿ ಕೆಂಜಿಗ ಕಚ್ಚಿದ ಉರಿ ಶುರುವಾಗುತ್ತದೆ. ಹಾಗೆ ಹಟ ಹಿಡಿದು ಬಳಸಿದ ಒಂದು ದಿನದ ಕೆಂಪು ಕಲೆ ನನ್ನ ಮಂಡಿಯ ಬದಿಯಲ್ಲಿ ಹದಿನೈದು ದಿನ ಇತ್ತು. ಇನ್ನೊಂದು ಕಿರಿಕಿರಿ, ತೀವ್ರತೆ ಏರಿಸುವ ಗುಂಡಿಗೆ ಬೀಗವಿಲ್ಲ. ಬಗ್ಗಿದಾಗ ಹೊಟ್ಟೆಗೆ ಒತ್ತಿ ಒಮ್ಮೆಲೇ ನಾಲ್ಕು ಹಂತ ಏರಿ, ನಾನು ಕೂತಲ್ಲೇ ಕಾಲು ಎಗರಿಸಿದ್ದುಂಟು. ನೋಡಿದವರಿಗೆ ತಮಾಷೆಯಾಗಿತ್ತು.

ಹೃದಯಕ್ಕೆ ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ ಅಳವಡಿಸಿಕೊಂಡವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಗರ್ಭಿಣಿಯರು, ಮೂರ್ಛೆರೋಗವಿರುವವರು ಕೂಡ ಮೊದಲು ಕೇಳಬೇಕು. ಕುತ್ತಿಗೆಯ ಮುಂಭಾಗಕ್ಕೆ, ಎದೆಯ ಆಚೀಚೆಗೆ, ಗಾಯದ ಮೇಲೆ ಪ್ಯಾಡು ಹಾಕುವಂತಿಲ್ಲ. ವಾಹನ ಓಡಿಸುವಾಗ, ಸ್ನಾನದಲ್ಲಿ, ನಿದ್ರೆಯಲ್ಲಿ ಬಳಸುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿರುವವರಿಗೆ ಅಂಚು ಎದ್ದ ಪ್ಯಾಡಿನ ಉರಿ ತಿಳಿಯದೆಯೇ ಚರ್ಮ ಸುಡಬಹುದು. ಮಂಡಿ ಬಿಸಿಯೇರಿ ಕೆಂಪಾಗಿ ಜ್ವರ ಬಂದರೆ, ಮಡಿಸಿದಲ್ಲೇ ಸಿಕ್ಕಿಕೊಂಡರೆ, ಭಾರವನ್ನೇ ಹೊರದಿದ್ದರೆ ಅದು ಯಂತ್ರ ಹಾಕಿ ಮರೆಸುವ ನೋವಲ್ಲ, ತಡಮಾಡದೆ ತೋರಿಸಬೇಕಾದ ನೋವು.

ಇದನ್ನು ಮತ್ತೆ ಕೊಳ್ಳುತ್ತೇನೆಯೇ ಎಂದರೆ, ಬೀಗವಿರುವ ಗುಂಡಿಯ, ಕಡಿಮೆ ಮೋಡ್‌ಗಳ, ಸಾಮಾನ್ಯ ಪಿನ್ನಿನ ಮಾದರಿಯಾದರೆ ಕೊಳ್ಳುತ್ತೇನೆ. ಹೇಗೆ ಹಾಕಬೇಕೆಂದು ಒಮ್ಮೆ ಕೈಹಿಡಿದು ತೋರಿಸುವವರಿಲ್ಲದೆ, ವ್ಯಾಯಾಮದ ಕ್ರಮವೊಂದು ಕೈಯಲ್ಲಿಲ್ಲದೆ ಯಾರಿಗೂ ಕೊಳ್ಳಿ ಎನ್ನುವುದಿಲ್ಲ. ಮೊದಲ ವರ್ಷ ನನಗೆ ಏಳು ಜೊತೆ ಪ್ಯಾಡು ಬೇಕಾಗಿದ್ದವು, ಎರಡನೇ ವರ್ಷ ನಾಲ್ಕು. ಈ ವರ್ಷದ ಆರಂಭದಲ್ಲಿ ಪೊಟ್ಟಣ ಒಡೆದು ತೆಗೆದ ಜೊತೆಯನ್ನು ಎಂಟು ಬಾರಿ ಬಳಸಿದ್ದೆನೋ ಏನೋ. ಮೊನ್ನೆ ತೆಗೆದು ನೋಡಿದರೆ ಡ್ರಾಯರಿನಲ್ಲಿ ಬಿದ್ದಲ್ಲೇ ಒಣಗಿ ಹೋಗಿದ್ದವು.