ಎರಡು ವರ್ಷ ಜಿಸಿಎನ್ ಸುತ್ತೋಲೆಗಳನ್ನು ಓದಿದ ಮೇಲೆ

ನನ್ನ ತಂದೆ ಕೆ.ಜಿ.ಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ (ಯಾವುದಕ್ಕೂ ತಾಕದಂತೆಯೇ ಹಾದುಹೋಗುವ ಅತಿ ಸೂಕ್ಷ್ಮ ಕಣಗಳ) ಗುರುತು ಜಗತ್ತಿನಲ್ಲಿ ಮೊದಮೊದಲು ಸಿಕ್ಕ ಜಾಗಗಳಲ್ಲಿ ಆ ಗಣಿಯೂ ಒಂದು. 1965ರಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ. ಆ ಕಥೆ ಕೇಳಿ ಬೆಳೆದವಳು ನಾನು. ಈಗ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಗುರುತ್ವ ಅಲೆಗಳ, ಅಂದರೆ ಭಾರಿ ಕಾಯಗಳು ಡಿಕ್ಕಿಯಾದಾಗ ದೇಶ-ಕಾಲದಲ್ಲಿ ಏಳುವ ಕಂಪನಗಳ, ಶೋಧಕಗಳು 2023ರ ಮೇ 24ರಂದು ನಾಲ್ಕನೆಯ ವೀಕ್ಷಣಾ ಸುತ್ತು ಆರಂಭಿಸಿದಾಗ, ಆಕಾಶದ ಇಂಥ ಘಟನೆಗಳ ಸುದ್ದಿಯನ್ನು ಬೇಗನೆ ಹಂಚುವ ನಾಸಾದ ಜಿಸಿಎನ್ ಸೇವೆಗೆ ಹೆಸರು ನೋಂದಾಯಿಸಿದೆ.

ಶುಲ್ಕವಿಲ್ಲ, ಇಮೇಲ್ ವಿಳಾಸ ಸಾಕು. ಬರುವುದು ಎರಡು ಬಗೆ: ಯಂತ್ರಗಳೇ ಸಿದ್ಧಪಡಿಸುವ ಸೂಚನೆಗಳು, ವಿಜ್ಞಾನಿಗಳು ಬರೆಯುವ ಸುತ್ತೋಲೆಗಳು. ನನಗೆ ಬೇಕಾದದ್ದು ಎರಡನೆಯದು. ಗಾಮಾ ಕಿರಣ ಸ್ಫೋಟಗಳ ವರದಿಗಳೂ ಅದರೊಂದಿಗೆ ರಾಶಿಯಾಗಿ ಬರುತ್ತವೆ. ಐಸ್‌ಕ್ಯೂಬ್ ಎಂಬ ನ್ಯೂಟ್ರಿನೊ ಶೋಧಕದ ಹೆಸರಿರುವವು ಬೇರೆ ಕಡತಕ್ಕೆ ಹೋಗುವಂತೆ ಮೊದಲ ದಿನವೇ ಮಾಡಿಟ್ಟುಕೊಳ್ಳಿ. ಸಮಯವೆಲ್ಲ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ, ಐದೂವರೆ ಗಂಟೆ ಕೂಡಿಸಿ ಓದಬೇಕು.

ಐಸ್‌ಕ್ಯೂಬ್ ಇರುವುದು ದಕ್ಷಿಣ ಧ್ರುವದಲ್ಲಿ. ಒಂದು ಘನ ಕಿಲೋಮೀಟರ್ ಹಿಮದೊಳಗೆ 86 ಸರಗಳಲ್ಲಿ ಇಳಿಬಿಟ್ಟ 5,160 ಬೆಳಕಿನ ಸಂವೇದಕಗಳು. ಗುರುತ್ವ ಅಲೆಯ ಎಚ್ಚರಿಕೆ ಬಂದೊಡನೆ ಅಲ್ಲಿನ ತಂಡ ಆ ಕ್ಷಣಕ್ಕಿಂತ 500 ಸೆಕೆಂಡು ಹಿಂದೆ, 500 ಸೆಕೆಂಡು ಮುಂದೆ ತನ್ನ ದಾಖಲೆಯನ್ನು ಜಾಲಾಡುತ್ತದೆ. ಇದರ ಮಹತ್ವ ದಿಕ್ಕಿನಲ್ಲಿದೆ. ಗುರುತ್ವ ಅಲೆ ಆಕಾಶದ ಯಾವ ಭಾಗದಿಂದ ಬಂದಿರಬಹುದೆಂದು ತೋರಿಸುವ ನಕ್ಷೆ ಎಷ್ಟೋ ಸಲ ನೂರಾರು, ಕೆಲವೊಮ್ಮೆ ಸಾವಿರಾರು ಚದರ ಡಿಗ್ರಿಗಳಷ್ಟು ಹರಡಿರುತ್ತದೆ. ಒಳ್ಳೆಯ ನ್ಯೂಟ್ರಿನೊ ಜಾಡು ಒಂದು ಡಿಗ್ರಿಯ ಆಸುಪಾಸಿನಲ್ಲಿ ಬೊಟ್ಟು ಮಾಡಿ ತೋರಿಸುತ್ತದೆ. ಎರಡೂ ಕೂಡಿಬಂದರೆ ದೂರದರ್ಶಕಗಳು ಆಕಾಶವಿಡೀ ಅಲೆಯಬೇಕಿಲ್ಲ.

ಖಚಿತವೆನ್ನಬಹುದಾದ ಅಂಥ ಜೋಡಿ ಈವರೆಗೆ ಒಂದೂ ಸಿಕ್ಕಿಲ್ಲ. ಆದರೂ ಈ ಸುತ್ತೋಲೆಗಳು ನನಗೆ ಬಹಳ ಇಷ್ಟ. ‘ಸಿಗಲಿಲ್ಲ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದಿಲ್ಲ. ಆ ಹೊತ್ತಿನಲ್ಲಿ ಶೋಧಕ ಸರಿಯಾಗಿ ಕೆಲಸ ಮಾಡುತ್ತಿತ್ತೇ, ನ್ಯೂಟ್ರಿನೊಗಳು ಬಂದಿದ್ದರೂ ಎಷ್ಟಕ್ಕಿಂತ ಹೆಚ್ಚು ಬಂದಿರಲಾರವು, ಎಲ್ಲವನ್ನೂ ತಿಳಿಸುತ್ತಾರೆ. ಏನಾದರೂ ಕಂಡಿದ್ದರೆ ಅದರ ದಿಕ್ಕು, ಸಮಯದ ಅಂತರ, ಪಿ-ಮೌಲ್ಯ (ಬರೀ ಆಕಸ್ಮಿಕವಾಗಿಯೇ ಇಷ್ಟು ಚೆನ್ನಾಗಿ ಹೊಂದುವ ಸಂಭವ) ಕೊಡುತ್ತಾರೆ.

ಈ ಪಿ-ಮೌಲ್ಯವನ್ನು ಓದಲು ಕಲಿಯದೆ ಸೇವೆಯ ಪೂರ್ಣ ಪ್ರಯೋಜನ ಸಿಗದು. 0.05 ಎಂದು ಕಂಡ ಮೊದಲ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕರಿಹಲಗೆಯ ಮೇಲೆ ಮಕ್ಕಳೊಂದಿಗೆ ಲೆಕ್ಕ ಹಾಕಿದೆವು: ಇನ್ನೂರು ಎಚ್ಚರಿಕೆಗಳನ್ನು ಪರಿಶೀಲಿಸಿದರೆ, ನಿಜವಾದ ಸಂಬಂಧ ಒಂದೂ ಇಲ್ಲದೆಯೂ, ಇಷ್ಟು ಚೆನ್ನಾಗಿ ಹೊಂದುವಂಥವು ಹತ್ತು ಸಿಗಬಹುದು. ವಾತಾವರಣದ ನ್ಯೂಟ್ರಿನೊಗಳು ಸದಾ ಬರುತ್ತಲೇ ಇರುತ್ತವಲ್ಲ! 2015ರ ಸೆಪ್ಟೆಂಬರ್ 14ರ ಮೊದಲ ಗುರುತ್ವ ಅಲೆಯ ಹೊತ್ತಿನಲ್ಲೂ ಐಸ್‌ಕ್ಯೂಬ್‌ಗೆ ಮೂರು ಸಿಕ್ಕಿದ್ದವು. ಮೂರೂ ಆ ಹಿನ್ನೆಲೆಗೆ ಹೊಂದುವಂಥವೇ. ಸಂಭವನೀಯತೆಯ ಪಾಠ ಇಷ್ಟು ಜೀವಂತವಾಗಿ ನನಗೆ ಬೇರೆಲ್ಲೂ ದೊರೆತಿಲ್ಲ.

ಗುರುತ್ವ ಅಲೆಯ ಎಚ್ಚರಿಕೆಯೇ ತಪ್ಪಾಗಿತ್ತೆಂದು ಗೊತ್ತಾದರೆ ಹಿಂತೆಗೆದುಕೊಳ್ಳಲಾಗಿದೆ ಎಂಬ ಸುತ್ತೋಲೆಯೂ ಬರುತ್ತದೆ. ಅದನ್ನೂ ತರಗತಿಯಲ್ಲಿ ಓದಿ ಹೇಳುತ್ತೇನೆ.

ಭಾಷೆ ಪರಿಣತರದ್ದು, ಇಂಗ್ಲಿಷಿನಲ್ಲಿ ಮಾತ್ರ. ಮೊದಲ ತಿಂಗಳು ಕಷ್ಟವಾಗುತ್ತದೆ. ಹೊಸದಾಗಿ ಸೇರುವವರು ಅಂದಂದಿನ ಇಮೇಲ್‌ಗಳಿಂದಲ್ಲ, ಹಳೆಯ ಸುತ್ತೋಲೆಗಳ ಸಂಗ್ರಹದಿಂದ ಓದಲು ತೊಡಗಲಿ. ಅದು ಎಲ್ಲರಿಗೂ ತೆರೆದಿದೆ. 2017ರ ಆಗಸ್ಟ್ 17ನ್ನು ತೆಗೆಯಿರಿ. ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದ ಅಲೆ, 1.7 ಸೆಕೆಂಡಿನ ಬಳಿಕ ಗಾಮಾ ಕಿರಣಗಳು. ಕೆಲವು ಗಂಟೆಗಳಲ್ಲಿ ನಕ್ಷೆ 31 ಚದರ ಡಿಗ್ರಿಗೆ ಕುಗ್ಗುತ್ತದೆ. ಸುಮಾರು 11 ಗಂಟೆಗಳಲ್ಲಿ ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ ಹೊಸ ಬೆಳಕು. ಒಂದೊಂದನ್ನೂ ಬಂದ ಕ್ರಮದಲ್ಲೇ ಓದಿ. ನಡುನಡುವೆ ನ್ಯೂಟ್ರಿನೊ ತಂಡಗಳ ಸುತ್ತೋಲೆಗಳಿವೆ, ಅವನ್ನು ದಾಟಿಸಿ ಹೋಗಬೇಡಿ. ಅವರು ಮುಂದಿನ 14 ದಿನಗಳನ್ನೂ ಶೋಧಿಸಿದರು, ಏನೂ ಸಿಗಲಿಲ್ಲ. ಆ ಸ್ಫೋಟದಿಂದ ಚಿಮ್ಮಿದ ಕಣಗಳ ಧಾರೆ ನಮ್ಮತ್ತ ನೇರವಾಗಿ ಮುಖ ಮಾಡಿರಲಿಲ್ಲ ಎಂಬ ವಿವರಣೆಗೆ ಆ ಮೌನ ಸರಿಯಾಗಿ ಹೊಂದಿತು.