ಐಸಿಡಿ-11 ಕೋಡಿಂಗ್ ಟೂಲ್: ಹುಡುಕಾಟಕ್ಕೆ ಉತ್ತಮ, ಕ್ಲೇಮಿಗೆ ಸಾಲದು

ಐಸಿಡಿ-11 ಎಂದರೆ ಪ್ರತಿ ರೋಗಕ್ಕೂ ಕೋಡ್ ಕೊಡುವ ಅಂತಾರಾಷ್ಟ್ರೀಯ ರೋಗ ವರ್ಗೀಕರಣದ 11ನೇ ಆವೃತ್ತಿ. ಅದರ ಕೋಡ್ ಹುಡುಕಿಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಈ ಆನ್‌ಲೈನ್ ಟೂಲ್ ಉಚಿತ. ರೋಗನಿರ್ಣಯವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದಂತೆಯೇ ಹೊಂದುವ ಕೋಡ್‌ಗಳು ಸಾಲಾಗಿ ಬರುತ್ತವೆ. ಟೈಪ್ 2 ಡಯಾಬಿಟಿಸ್‌ಗೆ 5ಎ11, ತಕ್ಷಣ.

ನಿಜವಾದ ಶಕ್ತಿಯಿರುವುದು ಕೋಡ್ ಜೋಡಣೆಯಲ್ಲಿ. ಡ್ಯುವೊಡಿನಲ್ ಅಲ್ಸರ್ (ಸಣ್ಣ ಕರುಳಿನ ಆರಂಭದ ಭಾಗದ ಹುಣ್ಣು) ಜೊತೆ ತೀವ್ರ ರಕ್ತಸ್ರಾವವಿದ್ದರೆ ಎರಡು ಮುಖ್ಯ ಕೋಡ್‌ಗಳ ನಡುವೆ ಓರೆಗೆರೆ (/) ಹಾಕಬೇಕು. ತೊಡೆಮೂಳೆಯ ಕತ್ತಿನ ಮುರಿತ ಎಡವೋ ಬಲವೋ ಎಂಬಂಥ ವಿವರಕ್ಕೆ ಎಕ್ಸ್‌ನಿಂದ ಶುರುವಾಗುವ ಎಕ್ಸ್‌ಟೆನ್ಶನ್ ಕೋಡನ್ನು '&' ಚಿಹ್ನೆಯಿಂದ ಸೇರಿಸಬೇಕು; ಅದನ್ನು ಒಂಟಿಯಾಗಿ ಬರೆದರೆ ತಪ್ಪು. ಕೋಡುಗಳಲ್ಲಿ ಓ, ಐ ಅಕ್ಷರಗಳನ್ನೇ ಬಳಸದಿರುವುದು ಜಾಣತನ: ಸೊನ್ನೆ, ಒಂದರ ಜೊತೆ ಗೊಂದಲವಾಗುವುದಿಲ್ಲ.

ಮಿತಿಯೂ ದೊಡ್ಡದೇ. ಕೇಸ್ ಶೀಟಿನಲ್ಲಿ 'ಫ್ರ್ಯಾಕ್ಚರ್ ಫೀಮರ್' (ತೊಡೆಮೂಳೆ ಮುರಿತ) ಎಂದಷ್ಟೇ ಇದ್ದರೆ ಯಾವ ಬದಿ, ಯಾವ ಭಾಗ ಎಂಬುದನ್ನು ಟೂಲ್ ಊಹಿಸಿಕೊಡದು. ಕೇಸ್ ಶೀಟ್ ಓದಿ ಕೋಡ್ ಹಾಕುವ ಕೋಡರ್ ಕೂಡ ಎಕ್ಸ್‌ರೇ ನೋಡಿ ತಾನೇ ತುಂಬಕೂಡದು, ವೈದ್ಯರಿಗೆ ಲಿಖಿತ ಕ್ವೆರಿ (ಸ್ಪಷ್ಟನೆ ಕೋರುವ ಪ್ರಶ್ನೆ) ಕಳಿಸಬೇಕು. 'ಬಲಗಡೆಯೇ ಅಲ್ಲವೇ?' ಎಂದು ಉತ್ತರ ಸೂಚಿಸುವ ಕ್ವೆರಿ ಬೇಡವೇ ಬೇಡ.

ನಮ್ಮ ವಿಮಾ ಕ್ಲೇಮ್ ಫಾರ್ಮ್ ಕೇಳುವುದು ಹಿಂದಿನ ಆವೃತ್ತಿಯಾದ ಐಸಿಡಿ-10. ಅಮೆರಿಕದ ಕೆಲಸ ಮಾಡುವ ಬೆಂಗಳೂರಿನ ಕೋಡರ್‌ಗಳಿಗೆ ಬೇಕಾದದ್ದು ಅದರ ಅಮೆರಿಕನ್ ರೂಪವಾದ ಐಸಿಡಿ-10-ಸಿಎಂ. ಈ ಟೂಲ್ ಕೊಡುವ ಕೋಡನ್ನು ಎರಡಕ್ಕೂ ನೇರವಾಗಿ ಹಾಕಬೇಡಿ. ಕಲಿಕೆಗೆ ಮಾತ್ರ ಕಣ್ಣುಮುಚ್ಚಿ ಶಿಫಾರಸು ಮಾಡಬಹುದು.